ಚಾರ್ಜ್‌ಬ್ಯಾಕ್ ಬಂದಿದೆ, ಗ್ರಾಹಕರಿಗೆ ನಾನೇ ದುಡ್ಡು ವಾಪಸ್ ಹಾಕಿಬಿಡಲೇ?

ನಿಮ್ಮ ಪ್ರಶ್ನೆ ಇಷ್ಟು: ಗುಬ್ಬಿಯಿಂದ ಸ್ವಂತ ವೆಬ್‌ಸೈಟ್‌ನಲ್ಲಿ ಹುಣಸೆಹಣ್ಣು, ಹಪ್ಪಳ, ಸಾರಿನ ಪುಡಿ ಮಾರುತ್ತೀರಿ. ಪುಣೆಯ ಗ್ರಾಹಕರೊಬ್ಬರು ಕ್ರೆಡಿಟ್ ಕಾರ್ಡಿನಲ್ಲಿ 2,340 ರೂಪಾಯಿ ಕೊಟ್ಟು ತರಿಸಿಕೊಂಡರು. ಕೊರಿಯರ್‌ನವರು ಡೆಲಿವರಿ ಆಗಿದೆ ಅನ್ನುತ್ತಾರೆ. ಗ್ರಾಹಕರು ಬಂದೇ ಇಲ್ಲ ಅಂತ ತಮ್ಮ ಬ್ಯಾಂಕಿಗೆ ದೂರು ಕೊಟ್ಟಿದ್ದಾರೆ. ವೆಬ್‌ಸೈಟಿಗೆ ಬರುವ ದುಡ್ಡನ್ನು ನಿಮಗೆ ಮುಟ್ಟಿಸುವ ಪೇಮೆಂಟ್ ಗೇಟ್‌ವೇ ಕಂಪನಿ ಅಷ್ಟೂ ದುಡ್ಡು ಹಿಡಿದಿಟ್ಟುಕೊಂಡಿದೆ. ಹೀಗೆ ಬ್ಯಾಂಕಿನ ಮೂಲಕ ದುಡ್ಡು ವಾಪಸ್ ಕೇಳುವುದಕ್ಕೇ ಚಾರ್ಜ್‌ಬ್ಯಾಕ್ ಅನ್ನುವುದು. ಜಗಳ ಯಾಕೆ, ನಾನೇ ಯುಪಿಐ ಮಾಡಿ ವಾಪಸ್ ಕೊಟ್ಟುಬಿಡಲೇ ಅಂತ ಕೇಳಿದ್ದೀರಿ.

ಬೇಡ. ಸದ್ಯಕ್ಕೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಯಾಕೆ ಅಂದರೆ, ನೀವು ಯುಪಿಐನಲ್ಲಿ ಕೊಟ್ಟ ದುಡ್ಡಿಗೂ ಕಾರ್ಡಿನ ದೂರಿಗೂ ಸಂಬಂಧವೇ ಇರುವುದಿಲ್ಲ. ಬ್ಯಾಂಕಿನಲ್ಲಿ ಆ ಫೈಲು ತನ್ನ ಪಾಡಿಗೆ ಮುಂದೆ ಹೋಗುತ್ತಲೇ ಇರುತ್ತದೆ. ಕೊನೆಗೆ ಗ್ರಾಹಕರಿಗೆ ಎರಡು ಸಲ ದುಡ್ಡು ಸೇರುತ್ತದೆ, ನಿಮ್ಮ ಹುಣಸೆಹಣ್ಣೂ ಅಲ್ಲೇ ಉಳಿಯುತ್ತದೆ. ಚಾರ್ಜ್‌ಬ್ಯಾಕ್ ಬಂದ ಮೇಲೆ ಗೇಟ್‌ವೇಯ ಮಾಮೂಲಿ ರೀಫಂಡ್ ಬಟನ್ ಕೂಡ ಒತ್ತಬಾರದು. ಕೊಟ್ಟುಬಿಡಬೇಕು ಅನ್ನಿಸಿದರೆ ಡ್ಯಾಶ್‌ಬೋರ್ಡ್‌ನಲ್ಲಿ ಆ ದೂರನ್ನೇ ತೆರೆದು 'ಒಪ್ಪಿಕೊಳ್ಳುತ್ತೇನೆ' ಅನ್ನಿ. ಹಿಡಿದಿಟ್ಟ ದುಡ್ಡೇ ಅವರಿಗೆ ಹೋಗುತ್ತದೆ.

ಇನ್ನು ಗ್ರಾಹಕರು ಫೋನಿನಲ್ಲಿ 'ಅಯ್ಯೋ, ಪಾರ್ಸೆಲ್ ಪಕ್ಕದ ಮನೆಯಲ್ಲಿತ್ತು, ಸಿಕ್ಕಿತು' ಅಂದರೆ ಅಲ್ಲಿಗೇ ಬಿಡಬೇಡಿ. ತಮ್ಮ ಬ್ಯಾಂಕಿಗೆ ಮೇಲ್ ಮಾಡಿ ದೂರು ವಾಪಸ್ ತೆಗೆದುಕೊಳ್ಳಲು ಅವರಿಗೇ ಹೇಳಿ. ಆ ಮೇಲ್‌ನ ಕಾಪಿ ತರಿಸಿಕೊಂಡು ನಿಮ್ಮ ಉತ್ತರದ ಜೊತೆ ಹಾಕಿ. ಬಾಯಿಮಾತಿಗೆ ಇಲ್ಲಿ ಬೆಲೆ ಇಲ್ಲ.

ನಾವು ತಿಪಟೂರಿನಲ್ಲಿ ಗಾಣದ ಕೊಬ್ಬರಿ ಎಣ್ಣೆ, ಉಂಡೆ ಕೊಬ್ಬರಿ ಮಾರುತ್ತೇವೆ. ಈ ಕಾಟ ನಮಗೂ ಆಗಾಗ ಬರುತ್ತದೆ. ಇದರಲ್ಲಿ ಹೊಸಬರಿಗೆ ತಲೆಗೆ ಹೋಗದ ವಿಷಯ ಒಂದಿದೆ. ನೀವು ಉತ್ತರ ಕೊಡುತ್ತಿರುವುದು ಗ್ರಾಹಕರಿಗಲ್ಲ. ಅವರು ತಮ್ಮ ಬ್ಯಾಂಕಿಗೆ ಹೇಳುತ್ತಾರೆ, ಬ್ಯಾಂಕು ವೀಸಾ, ಮಾಸ್ಟರ್‌ಕಾರ್ಡ್ ಅಥವಾ ರುಪೇ ಮೂಲಕ ನಿಮ್ಮ ಗೇಟ್‌ವೇಯ ಬ್ಯಾಂಕಿಗೆ ಕಳಿಸುತ್ತದೆ, ಅಲ್ಲಿಂದ ಗೇಟ್‌ವೇಗೆ, ಕೊನೆಗೆ ನಿಮಗೆ. ನಿಮ್ಮ ಉತ್ತರ ಅದೇ ದಾರಿಯಲ್ಲಿ ಹಿಂದಕ್ಕೆ ಹೋಗಿ ಗ್ರಾಹಕರ ಬ್ಯಾಂಕಿನ ಯಾವುದೋ ನೌಕರರ ಮೇಜಿಗೆ ಬೀಳುತ್ತದೆ. ಅವರಿಗೆ ಗುಬ್ಬಿ ಯಾವ ದಿಕ್ಕಿಗಿದೆ ಅಂತಲೂ ಗೊತ್ತಿರುವುದಿಲ್ಲ. ನೀವು ಒಳ್ಳೆಯವರೋ, ಗ್ರಾಹಕರು ಒಳ್ಳೆಯವರೋ ಅಂತ ಅವರು ನೋಡುವುದಿಲ್ಲ. ದೂರಿನಲ್ಲಿ ಒಂದು ಕಾರಣ ಬರೆದಿರುತ್ತದೆ. ಆ ಕಾರಣಕ್ಕೆ ತಕ್ಕ ಕಾಗದ ಇದೆಯಾ ಇಲ್ವಾ, ಅಷ್ಟೇ.

ಹಾಗಾಗಿ ಮೊದಲು ಆ ಕಾರಣ ನೋಡಿ. ವೀಸಾದಲ್ಲಿ 13.1 ಅಂದರೆ ಸಾಮಾನು ಬಂದಿಲ್ಲ. 13.3 ಅಂದರೆ ಹೇಳಿದಂತೆ ಇಲ್ಲ ಅಥವಾ ಕೆಟ್ಟಿದೆ. 13.6 ಅಂದರೆ ರೀಫಂಡ್ ಕೊಡುತ್ತೇನೆ ಅಂದವರು ಕೊಟ್ಟಿಲ್ಲ. 10.4 ಅಂದರೆ ಆನ್‌ಲೈನಿನಲ್ಲಿ ಈ ಕಾರ್ಡು ಬಳಸಿದ್ದು ನಾನಲ್ಲ. ಮಾಸ್ಟರ್‌ಕಾರ್ಡ್‌ನಲ್ಲಿ ಸಾಮಾನಿನ ತಕರಾರು ಹೆಚ್ಚಾಗಿ 4853ರಲ್ಲಿ ಬರುತ್ತದೆ, 'ನಾನಲ್ಲ' ಅನ್ನುವುದು 4837. ನಿಮ್ಮದು ವೀಸಾ ಕಾರ್ಡ್ ಆಗಿದ್ದರೆ 13.1 ಇರಬೇಕು.

'ಬಂದಿಲ್ಲ' ಅನ್ನುವುದಕ್ಕೆ ಟ್ರ್ಯಾಕಿಂಗ್ ಪುಟದ ಸ್ಕ್ರೀನ್‌ಶಾಟ್ ಒಂದೇ ಹಾಕಿದರೆ ಸಾಲದು. ಡೆಲಿವರ್ಡ್ ಅಂತ ಯಾವ ಕೊರಿಯರ್ ಹುಡುಗನೂ ಒತ್ತಬಹುದು. ಯಾರ ಕೈಗೆ, ಯಾವ ವಿಳಾಸದಲ್ಲಿ, ಯಾವ ದಿನ ಕೊಟ್ಟರು ಅನ್ನುವುದು ಬೇಕು. ಕೊರಿಯರ್‌ನವರಿಂದ ಪಿಒಡಿ, ಅಂದರೆ ಪಾರ್ಸೆಲ್ ಕೊಟ್ಟದ್ದಕ್ಕೆ ಪುರಾವೆ, ತರಿಸಿ. ಸಹಿ, ಫೋಟೋ, ಡೆಲಿವರಿ ಒಟಿಪಿ, ಇದರಲ್ಲಿ ಯಾವುದಿದ್ದರೂ ಆದೀತು. ಕಸ್ಟಮರ್ ಕೇರ್‌ಗೆ ಮೇಲ್ ಹಾಕಿ ಕಾಯುವುದಕ್ಕಿಂತ ನೀವು ಪಾರ್ಸೆಲ್ ಕೊಡುವ ಬ್ರಾಂಚಿನವರನ್ನೇ ಹಿಡಿದುಕೊಂಡರೆ ಬೇಗ ಸಿಗುತ್ತದೆ. ನಮಗೆ ತುಮಕೂರಿನ ಹಬ್‌ಗೆ ಹೋಗಿ ಕೂತರೇ ಕೆಲಸ ಆಗುವುದು.

ಪಿಒಡಿ ಕೈಗೆ ಬಂದಾಗ ಹೆಸರು ನೋಡಿ. ಬಹಳ ಸಲ ಅಲ್ಲಿ 'ಸೆಕ್ಯುರಿಟಿ' ಅಂತ ಬರೆದಿರುತ್ತದೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಇಟ್ಟು ಹೋಗಿರುತ್ತಾರೆ, ಮನೆಯವರಿಗೆ ನಿಜವಾಗಲೂ ಗೊತ್ತಿರುವುದಿಲ್ಲ. ಗ್ರಾಹಕರಿಗೆ ಆ ಫೋಟೋ ವಾಟ್ಸಾಪ್ ಮಾಡಿ, 'ನಿಮ್ಮ ಗೇಟಿನಲ್ಲಿ ಕೊಟ್ಟಿದ್ದಾರೆ, ಒಮ್ಮೆ ವಿಚಾರಿಸಿ' ಅಂತ ಮರ್ಯಾದೆಯಿಂದ ಕೇಳಿ. ಅರ್ಧ ದೂರು ಅಲ್ಲೇ ಬಗೆಹರಿಯುತ್ತದೆ. ಆದರೆ ಪಿಒಡಿಯಲ್ಲಿ ಬೇರೆಯವರ ಹೆಸರು, ಬೇರೆ ಬೀದಿ ಇದ್ದರೆ ಹಠ ಮಾಡಬೇಡಿ. ಚಾರ್ಜ್‌ಬ್ಯಾಕ್ ಒಪ್ಪಿಕೊಂಡು ಕೊರಿಯರ್ ಮೇಲೆ ಕ್ಲೇಮ್ ಹಾಕಿ. ಆ ಕ್ಲೇಮಿಗೆ ಅವಧಿ ಕಡಿಮೆ ಇರುತ್ತದೆ, ಇವತ್ತೇ ನೋಡಿಕೊಳ್ಳಿ.

'ಹೇಳಿದಂತೆ ಇಲ್ಲ' ಅನ್ನುವ ದೂರು ಇದಕ್ಕಿಂತ ತಲೆನೋವು. ನಮ್ಮದೇ ಒಂದು ಹೇಳುತ್ತೇನೆ, ತಿಂಡಿ ತಿನಿಸು ಮಾರುವ ನಿಮಗೂ ಬೇಕಾದೀತು. ಜನವರಿಯಲ್ಲಿ ದೆಹಲಿಗೆ ಕೊಬ್ಬರಿ ಎಣ್ಣೆ ಹೋಗಿತ್ತು. ಅಲ್ಲಿ ಮುಟ್ಟುವಷ್ಟರಲ್ಲಿ ಮೇಣದ ಹಾಗೆ ಗಟ್ಟಿಯಾಗಿತ್ತು. ಗ್ರಾಹಕರು ಬಾಟಲಿಯನ್ನು ತಲೆಕೆಳಗೆ ಹಿಡಿದು ಫೋಟೋ ತೆಗೆದು, ಒಂದು ಹನಿಯೂ ಬೀಳುತ್ತಿಲ್ಲ, ಇದು ವನಸ್ಪತಿ ಬೆರೆಸಿದ ಎಣ್ಣೆ ಅಂತ ಬ್ಯಾಂಕಿಗೆ ಬರೆದರು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುವುದು ಅದರ ಗುಣ. ನಮ್ಮ ಕಡೆ ಚಳಿಗಾಲದ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿಕೊಂಡವರಿಗೆಲ್ಲ ಇದು ಗೊತ್ತು. ಸಾಸಿವೆ ಎಣ್ಣೆಯ ಮನೆಯಲ್ಲಿ ಬೆಳೆದವರಿಗೆ ಹೇಗೆ ಗೊತ್ತಾಗಬೇಕು? ಅವರ ಮೇಲೆ ನನಗೆ ಸಿಟ್ಟಿಲ್ಲ.

ನಾವು ಬ್ಯಾಂಕಿಗೆ ಕೊಟ್ಟದ್ದು ಇವು. ಚಳಿಗೆ ಎಣ್ಣೆ ಗಟ್ಟಿಯಾಗುತ್ತದೆ, ಬಿಸಿನೀರಿನಲ್ಲಿಟ್ಟರೆ ಕರಗುತ್ತದೆ ಅಂತ ಬರೆದಿರುವ ವೆಬ್‌ಸೈಟಿನ ಪುಟ. ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರು, ಬ್ಯಾಚ್ ನಂಬರು ಕಾಣುವ ಲೇಬಲ್ಲಿನ ಫೋಟೋ. ಆ ಬ್ಯಾಚಿನ ಲ್ಯಾಬ್ ರಿಪೋರ್ಟ್. ಇವೆಲ್ಲಕ್ಕಿಂತ ಮುಖ್ಯವಾದದ್ದು, 'ನಮ್ಮ ಖರ್ಚಿನಲ್ಲೇ ವಾಪಸ್ ತರಿಸಿಕೊಂಡು ದುಡ್ಡು ಕೊಡುತ್ತೇವೆ' ಅಂತ ನಾವು ಕಳಿಸಿದ ವಾಟ್ಸಾಪ್ ಮೆಸೇಜ್. ಅದಕ್ಕೆ ಅವರು ಉತ್ತರವೇ ಕೊಟ್ಟಿರಲಿಲ್ಲ. ಈ ಬಗೆಯ ದೂರಿನಲ್ಲಿ ಗ್ರಾಹಕರು ಮೊದಲು ಅಂಗಡಿಯವರ ಜೊತೆ ಮಾತಾಡಬೇಕು, ಸಾಮಾನು ವಾಪಸ್ ಕೊಡಲು ತಯಾರಿರಬೇಕು ಅನ್ನುವ ನಿಯಮ ಕಾರ್ಡ್ ಕಂಪನಿಗಳಲ್ಲಿದೆ. ಸುಮ್ನೆ ಇಟ್ಟುಕೊಂಡು ದುಡ್ಡೂ ಕೇಳುವ ಹಾಗಿಲ್ಲ. ದುಡ್ಡು ನಮಗೆ ಬಂತು. ಈಗ ಚಳಿಗಾಲದಲ್ಲಿ ಉತ್ತರದ ಕಡೆಗೆ ಅಗಲ ಬಾಯಿಯ ಡಬ್ಬಿಯಲ್ಲೇ ಕಳಿಸುತ್ತೇವೆ, ಒಳಗೆ ಹಿಂದಿಯಲ್ಲಿ ಒಂದು ಚೀಟಿ ಇಡುತ್ತೇವೆ. ನಿಮ್ಮ ಹುಣಸೆಹಣ್ಣು ಹಳೆಯದಾದಂತೆ ಕಪ್ಪಾಗುತ್ತದಲ್ವಾ? ಅದನ್ನೂ ಮಾರುವ ಪುಟದಲ್ಲಿ ಈಗಲೇ ಬರೆದಿಡಿ, ಫೋಟೋ ಸಮೇತ.

'ಕಾರ್ಡು ಬಳಸಿದ್ದು ನಾನಲ್ಲ' ಅನ್ನುವುದಕ್ಕೆ ನಮ್ಮ ದೇಶದ ಕಾರ್ಡುಗಳ ಮಟ್ಟಿಗೆ ಜಾಸ್ತಿ ಹೆದರಬೇಕಿಲ್ಲ. 2009ರ ಆಗಸ್ಟ್‌ನಿಂದ ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೆಯ ದೃಢೀಕರಣ ಇರಲೇಬೇಕು ಅಂತ ಆರ್‌ಬಿಐ ಮಾಡಿದೆ. ಒಟಿಪಿ ಹಾಕಿ ಆದ ವ್ಯವಹಾರದಲ್ಲಿ ಮೋಸ ಆಗಿದ್ದರೆ ಅದರ ಹೊಣೆ ಸಾಮಾನ್ಯವಾಗಿ ಕಾರ್ಡ್ ಕೊಟ್ಟ ಬ್ಯಾಂಕಿನದು, ನಿಮ್ಮದಲ್ಲ. ಆರ್‌ಬಿಐನ 2017ರ ನಿಯಮದಂತೆ ಇಂಥ ದೂರು ಬಂದ 10 ಕೆಲಸದ ದಿನಗಳೊಳಗೆ ಬ್ಯಾಂಕು ಗ್ರಾಹಕರ ಖಾತೆಗೆ ತಾತ್ಕಾಲಿಕವಾಗಿ ದುಡ್ಡು ಹಾಕುತ್ತದೆ. ಅದನ್ನು ನೋಡಿ ಕೆಲವರು 'ಬ್ಯಾಂಕೇ ನನ್ನ ಪರ ತೀರ್ಪು ಕೊಟ್ಟಿದೆ' ಅನ್ನುತ್ತಾರೆ. ಅದು ತೀರ್ಪಲ್ಲ.

ಕಷ್ಟ ಇರುವುದು ವಿದೇಶದ ಕಾರ್ಡಿನಲ್ಲಿ. ಅವುಗಳಲ್ಲಿ ಎಷ್ಟೋ ಕಾರ್ಡು ಒಟಿಪಿ ಇಲ್ಲದೆಯೇ ನಡೆಯುತ್ತವೆ. ಅಮೆರಿಕದಲ್ಲಿರುವ ಮಗ ಊರಿನಲ್ಲಿರುವ ಅಪ್ಪ ಅಮ್ಮನಿಗೆ ಎಣ್ಣೆ, ಪುಡಿ ಆರ್ಡರ್ ಮಾಡುತ್ತಾನೆ. ಪಾರ್ಸೆಲ್ ಮನೆಗೆ ಹೋಗುತ್ತದೆ, ಅಮ್ಮ ಸಾರು ಮಾಡಿ ಉಂಡಾಗಿರುತ್ತದೆ. ತಿಂಗಳ ಕೊನೆಗೆ ಸ್ಟೇಟ್‌ಮೆಂಟಿನಲ್ಲಿ ಯಾವುದೋ ಗುರುತಿಲ್ಲದ ಹೆಸರು ಕಂಡು ಆತ 'ಇದು ನನ್ನದಲ್ಲ' ಅಂದುಬಿಡುತ್ತಾನೆ. ನಮ್ಮ ಕಡೆ ಜಿಎಸ್‌ಟಿ ಅಮ್ಮನ ಹೆಸರಿನಲ್ಲೋ ಹೆಂಡತಿಯ ಹೆಸರಿನಲ್ಲೋ ಇರುತ್ತದೆ, ಬ್ರಾಂಡಿನ ಹೆಸರೇ ಬೇರೆ. ಗೇಟ್‌ವೇಗೆ ಬರೆದು, ಗ್ರಾಹಕರ ಸ್ಟೇಟ್‌ಮೆಂಟಿನಲ್ಲಿ ಬ್ರಾಂಡಿನ ಹೆಸರೇ ಕಾಣುವ ಹಾಗೆ ಮಾಡಿಸಿಕೊಳ್ಳಿ. ಆಗದಿದ್ದರೆ ಆರ್ಡರ್ ಮೇಲ್‌ನಲ್ಲಿ 'ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಇಂಥ ಹೆಸರು ಬರುತ್ತದೆ' ಅಂತ ಒಂದು ಸಾಲು ಸೇರಿಸಿ. ದೊಡ್ಡ ಮೊತ್ತದ ವಿದೇಶಿ ಆರ್ಡರ್ ಬಂದರೆ, ಪಾರ್ಸೆಲ್ ಕಳಿಸುವ ಮೊದಲು ಒಂದು ಫೋನ್ ಮಾಡುವುದರಲ್ಲಿ ತಪ್ಪಿಲ್ಲ.

ಈಗ ಉತ್ತರ ಬರೆಯುವ ವಿಷಯ. ಗೇಟ್‌ವೇ ಕಳಿಸಿದ ಮೇಲ್‌ನಲ್ಲಿ ಉತ್ತರಕ್ಕೆ ಕೊನೆಯ ದಿನಾಂಕ ಇರುತ್ತದೆ. ಕಾರ್ಡ್ ಕಂಪನಿಗಳು ಬ್ಯಾಂಕುಗಳಿಗೆ ವಾರಗಟ್ಟಲೆ ಸಮಯ ಕೊಟ್ಟರೂ ಗೇಟ್‌ವೇ ನಮಗೆ ಕೊಡುವುದು ಅದರಲ್ಲಿ ಕೆಲವೇ ದಿನ. ಅದು ಮೀರಿದರೆ ನೀವು ಒಪ್ಪಿಕೊಂಡ ಹಾಗೆಯೇ ಲೆಕ್ಕ. ಒಂದೇ ಪಿಡಿಎಫ್ ಮಾಡಿ. ಮೊದಲ ಪುಟದಲ್ಲಿ ಆರ್ಡರ್ ನಂಬರು, ದಿನಾಂಕ, ಮೊತ್ತ, ಗ್ರಾಹಕರು ಹೇಳುತ್ತಿರುವುದೇನು, ನಿಮ್ಮ ಉತ್ತರವೇನು, ಅದಕ್ಕೆ ಪುರಾವೆ ಯಾವ ಪುಟದಲ್ಲಿದೆ. ಹತ್ತು ಸಾಲು ಸಾಕು. ಆಮೇಲೆ ಬಿಲ್ಲು, ಪಿಒಡಿ, ಮಾತುಕತೆ, ನಿಮ್ಮ ರೀಫಂಡ್ ನಿಯಮದ ಪುಟ. 'ನಾವು ಮಹಿಳೆಯರು ಸೇರಿ ಕಷ್ಟಪಟ್ಟು ಕಟ್ಟಿದ ಸಂಸ್ಥೆ' ಅಂತೆಲ್ಲ ಬರೆಯಬೇಡಿ, ನಿಜವಾಗಿದ್ದರೂ. ವಾಟ್ಸಾಪ್ ಮಾತು ಕನ್ನಡದಲ್ಲಿದ್ದರೆ ಪಕ್ಕದಲ್ಲೇ ಇಂಗ್ಲಿಷಿನಲ್ಲಿ ಬರೆದುಕೊಡಿ. ವಾಯ್ಸ್ ಮೆಸೇಜನ್ನು ಯಾರೂ ಕೇಳುವುದಿಲ್ಲ, ಅದನ್ನೂ ಬರೆದೇ ಕೊಡಬೇಕು.

ಪುರಾವೆ ಹುಡುಕುವ ಪಾಡು ಬೇಡ ಅಂದರೆ ಒಂದು ಅಭ್ಯಾಸ ಮಾಡಿಕೊಳ್ಳಿ. ಪಾರ್ಸೆಲ್ ತಲುಪಿದ ದಿನವೇ ಪಿಒಡಿ ಇಳಿಸಿ ಆರ್ಡರ್ ನಂಬರಿನ ಫೋಲ್ಡರಿನಲ್ಲಿ ಹಾಕಿ. ಗ್ರಾಹಕರಿಗೆ ಬಹುತೇಕ ದೂರುಗಳಿಗೆ 120 ದಿನದವರೆಗೆ ಅವಕಾಶ ಇರುತ್ತದೆ. ಅಷ್ಟು ದಿನದ ಮೇಲೆ ಕೊರಿಯರ್‌ನವರ ವೆಬ್‌ಸೈಟ್ 'ಮಾಹಿತಿ ಇಲ್ಲ' ಅಂತ ತೋರಿಸಿದರೆ ಯಾರನ್ನು ಕೇಳುತ್ತೀರಿ? ಪ್ಯಾಕ್ ಮಾಡುವಾಗ ತೂಕದ ಯಂತ್ರದ ಅಂಕಿ ಕಾಣುವ ಹಾಗೆ ಒಂದು ಫೋಟೋ ತೆಗೆದರೆ, ಅದಕ್ಕೂ ಕೊರಿಯರ್ ಲೇಬಲ್ಲಿನ ತೂಕಕ್ಕೂ ತಾಳೆಯಾಗುತ್ತದೆ. 'ಡಬ್ಬಿ ಖಾಲಿ ಇತ್ತು' ಅನ್ನುವವರಿಗೆ ಅದೇ ಉತ್ತರ.

ರೀಫಂಡ್ ಕೊಡುವುದಿದ್ದರೆ ದೂರು ಬ್ಯಾಂಕಿಗೆ ಹೋಗುವ ಮೊದಲೇ ಕೊಡಿ, ಬಂದ ಕಾರ್ಡಿಗೇ ಕೊಡಿ. ಗೇಟ್‌ವೇಯಲ್ಲಿ ಆ ರೀಫಂಡಿನ ಗುರುತಿಗೆ ಸಿಗುವ ಎಆರ್‌ಎನ್ ನಂಬರು ಗ್ರಾಹಕರಿಗೆ ಕಳಿಸಿದರೆ ಅವರ ಬ್ಯಾಂಕಿನವರು ಅದನ್ನು ಹುಡುಕಿ ಹೇಳುತ್ತಾರೆ. 'ದುಡ್ಡು ಕಟ್ ಆಯಿತು, ಆರ್ಡರ್ ಆಗಲಿಲ್ಲ' ಅನ್ನುವವರಿಗೆ ಗಾಬರಿ ಬಿದ್ದು ಕೈಯಿಂದ ಕೊಡಬೇಡಿ. ಆರ್‌ಬಿಐನ 2019ರ ನಿಯಮದ ಪ್ರಕಾರ ವ್ಯವಹಾರದ ದಿನದಿಂದ 5 ದಿನದೊಳಗೆ ಅದು ತಾನಾಗಿ ವಾಪಸ್ ಆಗಬೇಕು, ತಡವಾದರೆ ಗ್ರಾಹಕರಿಗೆ ದಿನಕ್ಕೆ 100 ರೂಪಾಯಿ ಸಿಗಬೇಕು. ಇನ್ನು ಗ್ರಾಹಕರು ನೇರವಾಗಿ ನಿಮಗೇ ದೂರು ಕೊಟ್ಟಾಗ ಬೇಗ ಉತ್ತರಿಸುವುದು ಬರೀ ಒಳ್ಳೆಯತನ ಅಲ್ಲ. ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳು, 2020ರಲ್ಲಿ 48 ಗಂಟೆಯೊಳಗೆ ದೂರು ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು ಅಂತಿದೆ.

ಒಂದು ಎಚ್ಚರಿಕೆ. 'ಚಾರ್ಜ್‌ಬ್ಯಾಕ್ ಮುಚ್ಚಲು ಈ ಲಿಂಕಿನಲ್ಲಿ ದುಡ್ಡು ಕಟ್ಟಿ' ಅಂತ ಫೋನು, ಮೇಲ್ ಬಂದರೆ ಅದು ಮೋಸ. ಮೇಲ್‌ನಲ್ಲಿರುವ ಲಿಂಕು ಒತ್ತದೆ, ನೀವೇ ಗೇಟ್‌ವೇಗೆ ಲಾಗಿನ್ ಆಗಿ ದೂರು ನಿಜವಾಗಲೂ ಅಲ್ಲಿದೆಯಾ ನೋಡಿ. ಆಗಲೇ ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನಿಮ್ಮ 2,340ಕ್ಕೆ ಬರೋಣ. ಪಿಒಡಿ ಸರಿಯಾಗಿದ್ದರೆ ಹೋರಾಡಿ, ಒಂದು ಸಂಜೆಯ ಕೆಲಸ. 300, 400 ರೂಪಾಯಿಯ ದೂರಾಗಿದ್ದರೆ ನಾನು ಕೈಬಿಡಿ ಅನ್ನುತ್ತಿದ್ದೆ. ನೀವು ಕೊಟ್ಟ ಉತ್ತರ ಒಪ್ಪದೆ ಗ್ರಾಹಕರ ಬ್ಯಾಂಕು ಮತ್ತೊಂದು ಸುತ್ತು ಕೇಳಬಹುದು, ಅದಕ್ಕೆ ಪ್ರೀ-ಆರ್ಬಿಟ್ರೇಶನ್ ಅನ್ನುತ್ತಾರೆ. ಹೊಸ ಪುರಾವೆ ಇದ್ದರೆ ಅಲ್ಲಿಯವರೆಗೂ ಹೋಗಿ. ಅದರಾಚೆ ಆರ್ಬಿಟ್ರೇಶನ್‌ಗೆ, ಅಂದರೆ ಕಾರ್ಡ್ ಕಂಪನಿಯೇ ತೀರ್ಪು ಕೊಡುವ ಹಂತಕ್ಕೆ ಹೋದರೆ ಸೋತವರು ನೂರಾರು ಡಾಲರ್ ಶುಲ್ಕ ಕಟ್ಟಬೇಕಾಗುತ್ತದೆ. ಸಾರಿನ ಪುಡಿಗೆ ಅಷ್ಟು ದೂರ ಯಾರೂ ಹೋಗುವುದಿಲ್ಲ. ಇವತ್ತೇ ಬ್ರಾಂಚಿಗೆ ಹೋಗಿ ಪಿಒಡಿ ಕೇಳಿ. ಅದರಲ್ಲಿ ಯಾರ ಹೆಸರಿದೆ ಅಂತ ಇಲ್ಲೇ ಕೆಳಗೆ ಬರೆದರೆ ಉತ್ತರ ಹೇಗೆ ಬರೆಯಬೇಕು ಅಂತ ನೋಡೋಣ.