ಆಶ್ರಯಧಾಮಕ್ಕೆ ಬಂದ ವಾರದಲ್ಲೇ ಬೆಕ್ಕುಗಳು ಸೀನುವುದೇಕೆ?

ಆರೋಗ್ಯವಾಗಿ ಬಂದ ಬೆಕ್ಕುಗಳೂ ವಾರ ಕಳೆಯುವಷ್ಟರಲ್ಲಿ ಸೀನತೊಡಗುತ್ತವೆ, ಕಣ್ಣಿನಿಂದ ನೀರು ಸುರಿಯುತ್ತದೆ, ದಿನಕ್ಕೆ ಎರಡು ಸಲ ಕಪ್ಪು ಫಿನೈಲ್ ಹಾಕಿ ತೊಳೆದರೂ ಕಡಿಮೆಯಾಗುತ್ತಿಲ್ಲ ಎಂದು ಕಾರವಾರದಿಂದ ಬರೆದಿದ್ದೀರಿ. ಕುಮಟಾದ ಹತ್ತಿರ ಇಂಥದೇ ಒಂದು ಚಿಕ್ಕ ಆಶ್ರಯಧಾಮದಲ್ಲಿ ಕೆಲಸ ಮಾಡುವವನಾಗಿ ನಾನು ಮೊದಲು ಹೇಳುವುದು, ಫಿನೈಲನ್ನು ಇಂದೇ ನಿಲ್ಲಿಸಿ. ಅದರಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಒದ್ದೆ ನೆಲದ ಮೇಲೆ ನಡೆದು ಆಮೇಲೆ ಪಾದ ನೆಕ್ಕಿಕೊಳ್ಳುವ ಪ್ರಾಣಿಗೆ ಅದು ವಿಷ. ಜ್ವರವೆಂದು ಪ್ಯಾರಾಸಿಟಮಾಲ್ ಕೊಡುವುದಂತೂ ಕೊಂದಂತೆಯೇ.

ಇನ್ನು ಸೀನಿನ ವಿಷಯ. ಬೆಕ್ಕುಗಳ ಹರ್ಪಿಸ್ ವೈರಾಣು ಒಮ್ಮೆ ತಗುಲಿದರೆ ಸಾಮಾನ್ಯವಾಗಿ ಜೀವಮಾನವಿಡೀ ನರಗಳಲ್ಲಿ ಅಡಗಿರುತ್ತದೆ. ಹೊಸ ಜಾಗ, ಗುರುತಿಲ್ಲದ ಬೆಕ್ಕುಗಳ ವಾಸನೆ, ಪಕ್ಕದಲ್ಲೇ ಬೊಗಳುವ ನಾಯಿ, ಇವುಗಳಿಂದ ಹೆದರಿದ ಬೆಕ್ಕಿನಲ್ಲಿ ಅದು ಸುಮಾರು ಒಂದು ವಾರದ ನಂತರ ಮತ್ತೆ ಎದ್ದು, ಮೂಗು ಮತ್ತು ಕಣ್ಣಿನ ಮೂಲಕ ಹೊರಬಂದು ಉಳಿದವಕ್ಕೂ ಹರಡುತ್ತದೆ. ಆದ್ದರಿಂದ ನೀವು ಹೇಳುವ ಆ ವಾರದ ಲೆಕ್ಕ ಆಕಸ್ಮಿಕವಲ್ಲ, ಮತ್ತು ಭಯವನ್ನು ಕಡಿಮೆ ಮಾಡದೆ ಔಷಧವನ್ನಷ್ಟೇ ಬದಲಾಯಿಸುತ್ತ ಹೋದರೆ ಪ್ರಯೋಜನವಾಗದು.

ಭಯಕ್ಕೆ ದೊಡ್ಡ ಮದ್ದು ಅಡಗಿಕೊಳ್ಳುವ ಜಾಗ. ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಶ್ರಯಧಾಮಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳ ಪೈಕಿ 10ಕ್ಕೆ ಅಡಗಲು ಪೆಟ್ಟಿಗೆ ಕೊಟ್ಟಿದ್ದರು. ಅವು ಪೆಟ್ಟಿಗೆಯಿಲ್ಲದವುಗಳಿಗಿಂತ ಬೇಗ ಶಾಂತವಾದವು. ನಮ್ಮ ಕರಾವಳಿಯ ಮಳೆಗಾಲದಲ್ಲಿ ರಟ್ಟಿನ ಪೆಟ್ಟಿಗೆ ಬೂಸ್ಟು ಹಿಡಿಯುವುದರಿಂದ, ಚೆನ್ನಾಗಿ ತೊಳೆದ ಪ್ಲಾಸ್ಟಿಕ್ ಕ್ರೇಟನ್ನು ಅಡ್ಡ ಮಲಗಿಸಿ ಹಳೆಯ ಟವೆಲ್ ಹೊದಿಸಿದರೆ ಸಾಕು, ಟವೆಲ್ ಮಾತ್ರ ಒಣಗಿದ್ದಿರಬೇಕು. ಒಳಗೆ ಕುಳಿತ ಬೆಕ್ಕನ್ನು, ಎಷ್ಟೇ ಮುದ್ದು ಬಂದರೂ, ಹೊರಗೆಳೆಯಬೇಡಿ.

ಇದಕ್ಕಿಂತ ಕಠಿಣವಾದದ್ದು ಸಂಖ್ಯೆಯ ಪ್ರಶ್ನೆ. ಗುಂಪಿನಲ್ಲಿಟ್ಟ ಪ್ರತಿ ಬೆಕ್ಕಿಗೆ ಕನಿಷ್ಠ 18 ಚದರ ಅಡಿ ನೆಲ ಬೇಕೆನ್ನುತ್ತಾರೆ. ಅಂದರೆ ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯಲ್ಲಿ ಆರೇ ಬೆಕ್ಕುಗಳು. ಮೀನು ಮಾರುಕಟ್ಟೆಯ ಬಳಿ ಯಾರೋ ಚೀಲದಲ್ಲಿ ಕಟ್ಟಿ ಬಿಟ್ಟುಹೋದ ಏಳನೆಯದನ್ನು ಬೇಡವೆನ್ನಲು ಕರುಳು ಒಪ್ಪುವುದಿಲ್ಲ ಎಂಬುದನ್ನು ಬಲ್ಲೆ. ಆದರೂ ಅದಕ್ಕೆ ಬೇರೊಂದು ಮನೆ ಹುಡುಕುವುದೇ ಒಳಗಿರುವ ಆರಕ್ಕೂ ಅದಕ್ಕೂ ಹಿತವೆಂದು ನನಗೆ ದೃಢವಾಗಿ ಅನಿಸಿದೆ.

ಹೊಸ ಬೆಕ್ಕನ್ನು ಎರಡು ವಾರ ಪ್ರತ್ಯೇಕವಾಗಿಟ್ಟು, ಬಂದ ದಿನವೇ ಲಸಿಕೆ ಹಾಕಿಸಿ. ಮರಿಗಳನ್ನು ಬೇಗ ಕೊಲ್ಲುವ ಪ್ಯಾನ್‌ಲ್ಯುಕೋಪೀನಿಯಾ ಎಂಬ ರೋಗದ ವೈರಾಣು ಕೋಣೆಯಲ್ಲಿ ವರ್ಷದವರೆಗೂ ಉಳಿಯಬಲ್ಲದು. ಸೋಪಿನಿಂದ ತೊಳೆದ ಮೇಲೆ, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 32 ಪಾಲು ನೀರು ಬೆರೆಸಿ ಹತ್ತು ನಿಮಿಷ ನೆಲದ ಮೇಲೆ ಬಿಟ್ಟು, ಮತ್ತೆ ನೀರು ಹಾಕಿ, ಒಣಗಿದ ನಂತರವೇ ಬೆಕ್ಕುಗಳನ್ನು ಒಳಬಿಡಿ.

ದೋಣಿಯವರು ಕೊಡುವ ತಾರ್ಲೆ ಮೀನನ್ನು ಬೇಯಿಸಿಯೇ ಹಾಕಿ, ಅದೊಂದನ್ನೇ ನಿತ್ಯದ ಆಹಾರ ಮಾಡಬೇಡಿ. ಹಸಿ ತಾರ್ಲೆಯಲ್ಲಿ ಥಯಮಿನ್ ಜೀವಸತ್ವವನ್ನು ನಾಶಮಾಡುವ ಕಿಣ್ವವಿದೆ. ಮೂಗು ಕಟ್ಟಿ ವಾಸನೆ ತಿಳಿಯದ ಬೆಕ್ಕು ಊಟ ಬಿಡುತ್ತದೆ, ಎರಡು ಮೂರು ದಿನ ಉಪವಾಸವಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಅಪಾಯ. ಒಂದು ದಿನ ತಿನ್ನದಿದ್ದರೂ ಪಶುವೈದ್ಯರಿಗೆ ತೋರಿಸಿ. ಕಣ್ಣಿಗೆ ಔಷಧದ ಅಂಗಡಿಯಿಂದ ತಂದ ಸ್ಟೀರಾಯ್ಡ್ ಹನಿಯನ್ನು ಮಾತ್ರ ಹಾಕಬೇಡಿ, ಹರ್ಪಿಸ್‌ನಿಂದ ಹುಣ್ಣಾದ ಕಣ್ಣನ್ನು ಅದು ಇನ್ನಷ್ಟು ಕೆಡಿಸುತ್ತದೆ.