ದುಬೈ ಬಿಟ್ಟು ಪೆನಾಂಗ್‌ಗೆ ಹೋಗಬಹುದೇ? ದೀನಿನ ಭಯ ಬೇಡ, ಬೂಷ್ಟಿನ ಭಯ ಇರಲಿ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಕುಂದಾಪುರದವರು, ದುಬೈಯಲ್ಲಿ ಹನ್ನೊಂದು ವರ್ಷ, ಹೆಂಡತಿ, ಆರು ಮತ್ತು ಹತ್ತು ವರ್ಷದ ಇಬ್ಬರು ಮಕ್ಕಳು. ಮಲೇಷ್ಯಾದ ಪೆನಾಂಗ್ ದ್ವೀಪದಲ್ಲಿ ಕೆಲಸ ಸಿಕ್ಕಿದೆ. ಮುಸ್ಲಿಮರಾಗಿ ಅಲ್ಲಿ ನೆಮ್ಮದಿಯಿಂದ ಇರಬಹುದೇ, ಮಕ್ಕಳ ದೀನು, ಅಂದರೆ ಧರ್ಮ, ಕೈತಪ್ಪುವುದಿಲ್ಲವೇ ಎಂದು ಕೇಳಿದ್ದೀರಿ. ನಾನು ಪುತ್ತೂರು ಕಡೆಯ ಬ್ಯಾರಿ. ದುಬೈಯ ಅಲ್ ಖುಸೈಸ್‌ನಲ್ಲಿ ಒಂಬತ್ತು ವರ್ಷ ಇದ್ದು, ನಾಲ್ಕು ವರ್ಷದ ಹಿಂದೆ ಹೆಂಡತಿ ಮತ್ತು ಮಗಳೊಂದಿಗೆ ಇಲ್ಲಿಗೆ ಬಂದವನು. ಪೆನಾಂಗ್‌ನ ಬಾಯಾನ್ ಲೆಪಾಸ್‌ನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರಲ್ಲಿ ಕೆಲಸ. ನೀವು ಕೇಳದೇ ಇರುವುದಕ್ಕೂ ಸ್ವಲ್ಪ ಉತ್ತರ ಕೊಡುತ್ತೇನೆ, ಬೇಸರಿಸಬೇಡಿ.

ದೀನಿನ ವಿಷಯ ಮೊದಲು ಮುಗಿಸೋಣ, ಏಕೆಂದರೆ ಅದು ಸುಲಭದ್ದು. ನೀವು ಶಾಫಿಈ ಕರ್ಮಶಾಸ್ತ್ರ ಅನುಸರಿಸುವವರಾಗಿದ್ದರೆ ದುಬೈಗಿಂತ ಇಲ್ಲಿಯೇ ಮನೆಗೆ ಹತ್ತಿರ ಇದ್ದಂತೆ ಅನಿಸುತ್ತದೆ. ದುಬೈಯಲ್ಲಿ ನಾನು ಹೋಗುತ್ತಿದ್ದ ಮಸೀದಿಯಲ್ಲಿ ಬೆಳಗಿನ ಸುಬಹಿ ನಮಾಝಿಗೆ ಕುನೂತ್ ಎಂಬ ಪ್ರಾರ್ಥನೆ ಇರಲಿಲ್ಲ. ಎರಡನೇ ರಕಅತ್‌ನಲ್ಲಿ ಇಮಾಮರು ನೇರ ಸುಜೂದಿಗೆ ಹೋಗುವಾಗ ಒಂಬತ್ತು ವರ್ಷವೂ ನನ್ನ ಕೈಗಳು ತಾವಾಗಿಯೇ ಅರ್ಧಕ್ಕೆ ಎದ್ದು ಇಳಿಯುತ್ತಿದ್ದವು. ಪೆನಾಂಗ್‌ನಲ್ಲಿ ಮೊದಲ ಸುಬಹಿ ನಮಾಝಿನಲ್ಲಿ ಇಮಾಮರು ಕೈಯೆತ್ತಿ ಕುನೂತ್ ಓದಿದರು, ಹಿಂದಿನ ಸಾಲುಗಳು ಒಟ್ಟಾಗಿ ಆಮೀನ್ ಅಂದವು. ಪುತ್ತೂರಿನಲ್ಲಿ ಉಪ್ಪನ (ಅಪ್ಪನ) ಪಕ್ಕದಲ್ಲಿ ನಿಂತ ಹಾಗಾಯಿತು. ಮಲಯ್ ಜನರೂ ನಮ್ಮಂತೆ ಶಾಫಿಈಗಳು. ಅರಬ್ಬಿ ಸಮುದ್ರದ ಈ ಕಡೆಗೂ ಮಲಾಕ್ಕ ಜಲಸಂಧಿಯ ಆ ಕಡೆಗೂ ಹಡಗಿನ ವ್ಯಾಪಾರಿಗಳ ಜೊತೆಯಲ್ಲೇ ದೀನು ಬಂದದ್ದು.

ಪೆನಾಂಗ್‌ನ ರಾಜಧಾನಿ ಜಾರ್ಜ್‌ಟೌನ್‌ನ ಕಾಪಿತಾನ್ ಕ್ಲಿಂಗ್ ಮಸೀದಿಯ ಹೆಸರು ಕೇಳಿರಬಹುದು. ಕಾದರ್ ಮೊಹಿದೀನ್ ಎಂಬ ತಮಿಳು ಮುಸ್ಲಿಂ ವ್ಯಾಪಾರಿ 1801ರಲ್ಲಿ ಶುರುಮಾಡಿದ್ದು. ಅದೇ ರಸ್ತೆಯಲ್ಲಿ ನಡೆದು ಹೋದರೆ ಚೀನೀಯರ ಕುವಾನ್ ಯಿನ್ ದೇವಸ್ಥಾನ, ಹತ್ತಿರದಲ್ಲೇ ಮಾರಿಯಮ್ಮನ ಗುಡಿ, ಸೇಂಟ್ ಜಾರ್ಜ್ ಚರ್ಚ್. ಚುಲಿಯಾ ಬೀದಿಯಲ್ಲಿ ನಾಗೂರ್ ದರ್ಗಾ ಕೂಡ ಇದೆ. ನಾಗೂರಿಗೆ ಹೋಗಿ ಬಂದ ಅಜ್ಜಿಯರು ನಮ್ಮ ಕಡೆ ಎಷ್ಟಿಲ್ಲ! ಅಂದರೆ ನಾವಿಲ್ಲಿ ಹೊಸಬರೇ ಹೊರತು ಅಪರಿಚಿತರಲ್ಲ.

ಶುಕ್ರವಾರದ ಖುತ್ಬಾ ಪ್ರವಚನ ಮಲಯ್ ಭಾಷೆಯಲ್ಲಿ. ಮೊದಲ ತಿಂಗಳು ಏನೂ ತಿಳಿಯದೆ ಕೂತಿದ್ದೆ. ನಿಧಾನಕ್ಕೆ ಕಿವಿಗೆ ಒಂದೊಂದೇ ಪದ ಸಿಗತೊಡಗಿತು, ಅದೂ ಎರಡು ದಿಕ್ಕಿನಿಂದ. ವಾರದ ದಿನಗಳು ಅರಬಿಯವು: ಅಹದ್, ಇಸ್ನಿನ್, ಸೆಲಾಸ, ರಾಬು, ಖಮಿಸ್. ಗಲ್ಫಿನಲ್ಲಿದ್ದವರಿಗೆ ಕಲಿಯುವ ಕೆಲಸವೇ ಇಲ್ಲ. ಆದರೆ ನೋಂಬಿಗೆ ಅವರು ಹೇಳುವುದು 'ಪುವಾಸಾ', ನಮ್ಮ ಉಪವಾಸವೇ. ಧರ್ಮಕ್ಕೆ 'ಆಗಾಮ', ಜನ್ನತ್ತಿಗೆ 'ಶುರ್ಗಾ', ಜಹನ್ನಮಿಗೆ 'ನರಕ'. ಮಿಂಬರಿನ ಮೇಲೆ ನಿಂತ ಖತೀಬರು ಸ್ವರ್ಗ ನರಕ ಎನ್ನುವಾಗ ನನಗೆ ನಗು ತಡೆಯಲಾಗಲಿಲ್ಲ. ಗಂಡನಿಗೆ ಇಲ್ಲಿ 'ಸುವಾಮಿ' ಎನ್ನುತ್ತಾರೆ ಎಂದು ಗೊತ್ತಾದ ದಿನದಿಂದ ನನ್ನ ಹೆಂಡತಿ ಕೋಪ ಬಂದಾಗ ಮಾತ್ರ ನನ್ನನ್ನು ಹಾಗೆ ಕರೆಯುತ್ತಾಳೆ.

ಅವಳ ಮಾತು ಬಂದದ್ದರಿಂದ ಹೇಳುತ್ತೇನೆ: ನಿಮ್ಮ ಹೆಂಡತಿಗೆ ಇಲ್ಲಿ ಮಸೀದಿ ಸಿಗುತ್ತದೆ. ನಮ್ಮೂರಿನ ಜುಮಾ ಮಸೀದಿಯ ಒಳಗೆ ನನ್ನ ಹೆಂಡತಿ ಒಮ್ಮೆಯೂ ಕಾಲಿಟ್ಟವಳಲ್ಲ. ಇಲ್ಲಿ ಮಸೀದಿಯಲ್ಲೂ ಮಾಲ್‌ನ 'ಸುರಾವು' ಎಂಬ ನಮಾಝ್ ಕೋಣೆಯಲ್ಲೂ ಹೆಂಗಸರ ಜಾಗವಿದ್ದು, ಅಲ್ಲಿನ ಕಪಾಟಿನಲ್ಲಿ 'ತೆಲೆಕುಂಗ್' ಎಂಬ ನಮಾಝಿನ ಉಡುಪು ಮಡಿಸಿಟ್ಟಿರುತ್ತದೆ. ತಲೆಯಿಂದ ಪಾದದವರೆಗೆ ಮುಚ್ಚುವ ಹಗುರವಾದ ಬಟ್ಟೆ. ಎಲ್ಲಿಂದ ಬಂದಿದ್ದರೂ ತೊಟ್ಟು ನಮಾಝ್ ಮುಗಿಸಿ, ಮಡಿಸಿಟ್ಟು ಹೋಗಬಹುದು. ದುಬೈಯ ಕಪ್ಪು ಅಬಾಯಾಗಳನ್ನು ಅವಳು ಮೂರನೇ ವಾರಕ್ಕೇ ಪೆಟ್ಟಿಗೆಗೆ ಹಾಕಿದಳು. ಎ.ಸಿ. ಕಾರಿನಿಂದ ಎ.ಸಿ. ಮಾಲ್‌ಗೆ ಹೋಗುವ ಊರಿಗೆ ಹೊಲಿದ ಬಟ್ಟೆ ಈ ಸೆಕೆಗೆ ಅಲ್ಲ. ಈಗ ಮಲಯ್ ಹೆಂಗಸರ ಹತ್ತಿಯ ಬಾಜು ಕುರುಂಗ್.

ರಮಝಾನ್ ಬಗ್ಗೆ ಒಂದು ಮಾತು. ಪೆನಾಂಗ್ ಇರುವುದು ಭೂಮಧ್ಯರೇಖೆಯ ಹತ್ತಿರ, ಸುಮಾರು 5 ಡಿಗ್ರಿ ಉತ್ತರಕ್ಕೆ. ರಮಝಾನ್ ಯಾವ ತಿಂಗಳಲ್ಲಿ ಬಂದರೂ ನೋಂಬು ಹದಿಮೂರೂವರೆ ಗಂಟೆಯ ಆಸುಪಾಸು. ದುಬೈಯ ಜೂನ್ ತಿಂಗಳ ಹದಿನೈದು ಗಂಟೆ ಇಲ್ಲಿಲ್ಲ. ಆದರೆ ದುಬೈಯಲ್ಲಿ ಕೆಲಸದ ವೇಳೆ ಎರಡು ಗಂಟೆ ಕಡಿಮೆಯಾಗುತ್ತಿತ್ತಲ್ಲ, ಅದನ್ನು ಮರೆತುಬಿಡಿ. ಹನ್ನೊಂದು ಗಂಟೆಗೆ ಪಕ್ಕದ ಮೇಜಿನ ಚೀನೀ ಸಹೋದ್ಯೋಗಿ ಕಾಫಿ ತರುತ್ತಾನೆ. ಅದು ಅವನ ಹಕ್ಕು. ಸಂಜೆ ಮಾತ್ರ ರಸ್ತೆ ಬದಿಯ ರಮಝಾನ್ ಬಜಾರ್ ಎಲ್ಲವನ್ನೂ ತೀರಿಸುತ್ತದೆ. ಪೆರ್ನಾಳ್‌ಗೆ ಮೊದಲೇ ಸಾಮಾನು ತಂದಿಟ್ಟುಕೊಳ್ಳಿ. ಹಬ್ಬಕ್ಕೆ ಮಲಯ್ ಜನ ಹಳ್ಳಿಗೆ ಹೊರಟುಬಿಡುತ್ತಾರೆ, ಮುಸ್ಲಿಂ ಹೋಟೆಲುಗಳು ಬಾಗಿಲು ಹಾಕುತ್ತವೆ. ನಮ್ಮ ಮೊದಲ ಪೆರ್ನಾಳ್ ಮಧ್ಯಾಹ್ನ ಹೊಸ ಬಟ್ಟೆ ತೊಟ್ಟು ಮೂವರೂ ಮ್ಯಾಗಿ ತಿಂದೆವು.

ಒಂದು ಎಚ್ಚರಿಕೆ. ಇಲ್ಲಿ ಮುಸ್ಲಿಮನ ಧರ್ಮ ಅವನ ಖಾಸಗಿ ವಿಷಯ ಮಾತ್ರವಲ್ಲ, ರಾಜ್ಯದ ವಿಷಯವೂ ಹೌದು. ರಮಝಾನ್ ಹಗಲಲ್ಲಿ ಮುಸ್ಲಿಂ ವ್ಯಕ್ತಿ ಹೋಟೆಲಿನಲ್ಲಿ ತಿಂದು ಸಿಕ್ಕಿಬಿದ್ದರೆ ದಂಡ ಬೀಳಬಹುದು. ಮನೆಯವರನ್ನು ಬಿಟ್ಟು ಬೇರೆಯವರಿಗೆ ಧರ್ಮ ಬೋಧಿಸಲು 'ತೌಲಿಯಾ' ಎಂಬ ಸರಕಾರಿ ಅನುಮತಿ ಬೇಕು. ಹಾಗಾಗಿ ನಾಲ್ಕು ಮನೆಯ ಮಕ್ಕಳನ್ನು ಸೇರಿಸಿ ಮನೆಯಲ್ಲೇ ಮದ್ರಸ ನಡೆಸುವ ಯೋಚನೆ ಬೇಡ. ನನ್ನ ಮಗಳು ಪುತ್ತೂರಿನ ಉಸ್ತಾದರ ಬಳಿ ಮೊಬೈಲಿನಲ್ಲಿ ಓದುತ್ತಾಳೆ. ಊರಿಗಿಂತ ಎರಡೂವರೆ ಗಂಟೆ ನಾವು ಮುಂದೆ. ಉಸ್ತಾದರಿಗೆ ಸಂಜೆಯ ಅಸರ್ ನಮಾಝಿನ ಹೊತ್ತಾದಾಗ ಇವಳಿಗೆ ಸೂರ್ಯಾಸ್ತದ ಮಗ್ರಿಬ್.

ಇನ್ನು ಊಟ. 'ಇಕಾನ್ ಕೆಂಬೊಂಗ್' ಎಂದು ಬರೆದ ಬುಟ್ಟಿಯಲ್ಲಿ ಇರುವುದು ನಮ್ಮ ಬಂಗುಡೆ. 'ಪುತು ಮಾಯಾಮ್' ಎಂದು ಮಾರುವುದು ಒತ್ತು ಶ್ಯಾವಿಗೆ, ತೆಂಗಿನ ತುರಿ ಮತ್ತು ಬೆಲ್ಲದ ಜೊತೆ. ಕರಿಬೇವು, ಹಲಸು, ನುಗ್ಗೆ ಎಲ್ಲ ಉಂಟು. ಕೆಂಪು ಕುಚ್ಚಲಕ್ಕಿ ಮಾತ್ರ ನನಗೆ ಸಿಕ್ಕಿಲ್ಲ. ಮುಸ್ಲಿಂ ಅಂಗಡಿಯ ನಾಸಿ ಕಂದರ್ (ಅನ್ನ, ಮೇಲೋಗರ) ತಿನ್ನಲು ಯೋಚಿಸಬೇಕಾಗಿಲ್ಲ. ಉಳಿದ ಕಡೆ ಸರಕಾರದ ಇಸ್ಲಾಂ ಇಲಾಖೆ ಜಾಕಿಮ್‌ನ ಹಲಾಲ್ ಮುದ್ರೆ ನೋಡಿ. ಬೀದಿಯ ಚಾರ್ ಕ್ವೆ ತಿಯಾವ್ ಎಂಬ ಹುರಿದ ನೂಡಲ್ಸ್‌ಗೆ ಹಂದಿ ಕೊಬ್ಬು ಹಾಕುವುದು ಚೀನೀಯರ ವಾಡಿಕೆ, ಕೇಳದೆ ತಿನ್ನಬೇಡಿ.

ಈಗ ನಿಜವಾದ ಕಷ್ಟಕ್ಕೆ ಬರುತ್ತೇನೆ. ಬೂಷ್ಟು. ನಕ್ಕುಬಿಡಬೇಡಿ. ನೀವು ಕರಾವಳಿಯವರೇ, ಆಟಿ ತಿಂಗಳು ನೋಡಿದವರೇ. ಆದರೆ ಹನ್ನೊಂದು ವರ್ಷದ ದುಬೈ ವಾಸ ಅದನ್ನು ಮರೆಸಿರುತ್ತದೆ. ಬಂದು ಎರಡು ತಿಂಗಳಿಗೆ ಊರಿಗೆ ಹೋಗಿ ಮೂರು ವಾರ ಮನೆ ಮುಚ್ಚಿದ್ದೆವು. ಹಿಂದಿರುಗಿ ಕಪಾಟು ತೆರೆದರೆ ಮದುವೆಗೆ ಕೊಂಡ ಚರ್ಮದ ಚಪ್ಪಲಿಯ ಮೇಲೆ ಹಸಿರು ವೆಲ್ವೆಟ್ ಹೊದಿಸಿದ ಹಾಗಿತ್ತು. ದುಬೈಯ ದೇರಾದ ನಾಯಿಫ್ ಮಾರುಕಟ್ಟೆಯಲ್ಲಿ ಕೊಂಡ ಮುಸಲ್ಲಾದ (ನಮಾಝಿನ ಚಾಪೆಯ) ಹಿಂಬದಿಯಲ್ಲಿ ಬಿಳಿ ಚುಕ್ಕೆಗಳು. ಉಮ್ಮ ಕೊಟ್ಟ ಮುಸ್‌ಹಫ್‌ನ (ಕುರ್‌ಆನ್ ಪ್ರತಿಯ) ರಟ್ಟು ಉಬ್ಬಿ, ಯಾಸೀನ್ ಸೂರಾದ ಎರಡು ಪುಟಗಳು ಒಂದಕ್ಕೊಂದು ಅಂಟಿದ್ದವು. ಹೆಂಡತಿ ಅದನ್ನು ಫ್ಯಾನಿನ ಕೆಳಗೆ ತೆರೆದಿಟ್ಟು, ಬಾಳೆ ಎಲೆಯ ಸುಳಿ ಬಿಡಿಸುವಷ್ಟು ಹಗುರವಾಗಿ ಪುಟ ಬಿಡಿಸಿದಳು. ಅಂದೇ ಗಾಳಿಯ ತೇವ ಹೀರುವ ಯಂತ್ರ ತಂದೆವು. ಅದರ ತೊಟ್ಟಿಯಲ್ಲಿ ರಾತ್ರಿ ಬೆಳಗಾಗುವುದರೊಳಗೆ ತಂಬಿಗೆಗಟ್ಟಲೆ ನೀರು. ನೀವೂ ಮಂಚಕ್ಕಿಂತ ಮೊದಲು ಅದನ್ನು ಕೊಳ್ಳಿ. ಹೆಚ್ಚು ಮಳೆ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ. 2017ರ ನವೆಂಬರ್‌ನಲ್ಲಿ ಇಲ್ಲಿ ದೊಡ್ಡ ನೆರೆ ಬಂದಿತ್ತು, ಆದ್ದರಿಂದ ಮನೆ ನೋಡುವಾಗ ಆ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಅಕ್ಕಪಕ್ಕದವರನ್ನು ಕೇಳಿ.

ಮನೆ ಹುಡುಕುವಾಗ ಇನ್ನೊಂದು ಪೆಟ್ಟು ಕಾದಿರುತ್ತದೆ. ಫೋನಿನಲ್ಲಿ ದಲ್ಲಾಳಿ ಕೇಳುವ ಮೊದಲ ಪ್ರಶ್ನೆ ಸಂಬಳದ್ದಲ್ಲ, ಜನಾಂಗದ್ದು: 'ನೀವು ಯಾವ ಜನ?' ಭಾರತೀಯ ಎಂದಾಗ ಎರಡು ಮನೆ ಆ ಕ್ಷಣಕ್ಕೇ 'ಖಾಲಿ ಇಲ್ಲ' ಆದವು. ಮುಸ್ಲಿಂ ಎಂದು ಸೇರಿಸಿದರೂ ಏನೂ ಬದಲಾಗಲಿಲ್ಲ. ಸಿಟ್ಟು ಬಂತು. ಆಮೇಲೆ ದುಬೈಯ ಕರಾಮಾದ ಕಂಬಗಳ ಮೇಲೆ 'ಕೇರಳ ಮುಸ್ಲಿಂ ಬ್ಯಾಚುಲರ್ ಮಾತ್ರ' ಎಂಬ ಚೀಟಿಗಳನ್ನು ನಾನೇ ಸಲೀಸಾಗಿ ಓದಿಕೊಂಡು ಹೋಗುತ್ತಿದ್ದದ್ದು ನೆನಪಾಯಿತು. ಕೊನೆಗೆ ಮನೆ ಕೊಟ್ಟವರು ಚೀನೀ ಮುದುಕಿಯೊಬ್ಬರು. ಬಾಡಿಗೆ ಐದನೇ ತಾರೀಖು ದಾಟಬಾರದು ಎಂಬುದೊಂದೇ ಅವರ ಷರತ್ತು.

ದುಡ್ಡಿನ ಲೆಕ್ಕ ಕೂತು ಮಾಡಿ. ದುಬೈಯಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ, ಇಲ್ಲಿ ಮೆಟ್ಟಿಲು ಮೆಟ್ಟಿಲಾಗಿ 30 ಪ್ರತಿಶತದವರೆಗೆ ಏರುತ್ತದೆ. ಒಂದು ಕ್ಯಾಲೆಂಡರ್ ವರ್ಷದಲ್ಲಿ 182 ದಿನ ಇಲ್ಲಿದ್ದರೆ ನಿವಾಸಿ ಎಂದು ಲೆಕ್ಕ. ಅಷ್ಟು ದಿನ ಆಗದಿದ್ದರೆ ಸಾಮಾನ್ಯವಾಗಿ ನೇರ 30 ಪ್ರತಿಶತ ಕತ್ತರಿಸುತ್ತಾರೆ. ಮುಂದಿನ ವರ್ಷದ ವಾಸದ ಜೊತೆ ಜೋಡಿಸಿಕೊಳ್ಳುವ ದಾರಿಯೂ ಇದೆ, ಆದರೆ ಆ ಗೋಜಲು ಯಾಕೆ? ಸಾಧ್ಯವಾದರೆ ಜನವರಿಯಲ್ಲಿ ಸೇರುತ್ತೇನೆ ಎಂದು ಕಂಪನಿಯನ್ನು ಕೇಳಿ. ಮುಸ್ಲಿಮರಿಗೆ ಒಂದು ಅನುಕೂಲವಿದೆ: ಸರಕಾರಿ ಮಾನ್ಯತೆಯ ಸಂಸ್ಥೆಗೆ ಝಕಾತ್ ಕೊಟ್ಟು ರಶೀದಿ ಪಡೆದರೆ ಆ ಮೊತ್ತ ಆದಾಯದಿಂದಲ್ಲ, ಕಟ್ಟಬೇಕಾದ ತೆರಿಗೆಯಿಂದಲೇ ಕಳೆಯುತ್ತದೆ. ದುಬೈ ಬಿಡುವಾಗ ಗ್ರಾಚ್ಯುಟಿಯನ್ನು ನೀವೇ ಲೆಕ್ಕ ಹಾಕಿ ನೋಡಿ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲೆ ವರ್ಷಕ್ಕೆ 30 ದಿನ. ನನ್ನ ಹಳೆಯ ಕಂಪನಿ ಒಂಬತ್ತು ವರ್ಷಕ್ಕೂ 21 ಎಂದೇ ಹಾಕಿತ್ತು. ಕಾಗದ ತೋರಿಸಿದ ಮೇಲೆ ಸರಿಮಾಡಿದರು. ಉಳಿತಾಯ ಕೇಳುತ್ತೀರಾದರೆ, ಅಲ್ಲಿ ಊರಿಗೆ ಕಳಿಸುತ್ತಿದ್ದುದರ ಅರ್ಧದಷ್ಟೂ ಈಗ ಕಳಿಸಲಾಗುತ್ತಿಲ್ಲ. ಊರಿನಲ್ಲಿ ಮನೆ ಕಟ್ಟುತ್ತಿದ್ದರೆ ಗೋಡೆ ಎದ್ದು ಸಾರಣೆ ಮುಗಿಯುವವರೆಗಾದರೂ ಅಲ್ಲೇ ಇರಿ.

ಕೊನೆಯದು ದೂರ. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ನಕ್ಷೆಯಲ್ಲಿ ದುಬೈಗೂ ಪೆನಾಂಗ್‌ಗೂ ಊರು ಸರಿಸುಮಾರು ನಡುವೆ ಇದ್ದಂತೆ ಕಾಣುತ್ತದೆ. ಆದರೆ ದುಬೈಯಿಂದ ಮಂಗಳೂರಿಗೆ ನೇರ ವಿಮಾನ, ನಾಲ್ಕು ಗಂಟೆಯೂ ಬೇಡ. ರಾತ್ರಿ ಹತ್ತಿದರೆ ಬೆಳಿಗ್ಗೆ ಬಜಪೆ. ಉಪ್ಪ ತೀರಿಕೊಂಡ ಸುದ್ದಿ ಬಂದಾಗ ಇಲ್ಲಿ ಬೆಳಗಿನ ಏಳು ಗಂಟೆ. ಕೌಲಾಲಂಪುರಕ್ಕೆ ಒಂದು ವಿಮಾನ, ಅಲ್ಲಿ ಕಾದು ಬೆಂಗಳೂರಿಗೆ ಇನ್ನೊಂದು, ಆಮೇಲೆ ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ. ಮಯ್ಯತ್ (ಮೃತದೇಹ) ಕಾಯುವುದಿಲ್ಲ, ಕಾಯಿಸಲೂಬಾರದು; ಅಣ್ಣ ಫೋನಿನಲ್ಲಿ ಕೇಳಿದಾಗ ನಾನೇ 'ಅಸರ್‌ಗೆ ಮುಗಿಸಿ' ಎಂದೆ. ಮರುದಿನ ಬೆಳಿಗ್ಗೆ ನಾನು ತಲುಪುವ ಹೊತ್ತಿಗೆ ಖಬರಿನ ಮೇಲೆ ನೆಟ್ಟ ಮದರಂಗಿ ಗೆಲ್ಲಿನ ಎಲೆಗಳು ಬಾಡಿ ಜೋತಿದ್ದವು. ಚೆನ್ನೈಯಿಂದ ಪೆನಾಂಗ್‌ಗೆ 2024ರ ಕೊನೆಯಲ್ಲಿ ನೇರ ವಿಮಾನ ಶುರುವಾಯಿತು, ನನಗೆ ಅದು ತಡವಾಗಿ ಬಂತು.

ನಿಮ್ಮ ಪ್ರಶ್ನೆಯಲ್ಲಿ ಮಕ್ಕಳ ವಯಸ್ಸು ಬರೆದಿದ್ದೀರಿ, ತಾಯಿ ತಂದೆಯ ವಯಸ್ಸು ಬರೆದಿಲ್ಲ. ಅವರು ಊರಲ್ಲಿದ್ದಾರೆಯೇ, ಜೊತೆಯಲ್ಲಿ ಯಾರಿದ್ದಾರೆ? ಅದನ್ನು ತಿಳಿಸಿ. ಶಾಲೆ, ವೀಸಾ, ಕಾರಿನ ವಿಷಯ ಆಮೇಲೆ ಬರೆಯುತ್ತೇನೆ.