ಸಹಾಯಾರ್ಥ ಸಂಗೀತ ಸಂಜೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಒಂದು ಸಣ್ಣ ಕಲಾಸಂಘ. ಮಕ್ಕಳಿಗೆ ಸುಗಮ ಸಂಗೀತ ಮತ್ತು ತಬಲಾ ಪಾಠ ನಡೆಸುತ್ತೇವೆ. ಪಾಠದ ಕೊಠಡಿಯ ಹೆಂಚು ಬದಲಿಸಲು ಹಾಗೂ ಎರಡು ಹಾರ್ಮೋನಿಯಂ ರಿಪೇರಿ ಮಾಡಿಸಲು ಸಹಾಯಾರ್ಥ ಸಂಗೀತ ಸಂಜೆ ಏರ್ಪಡಿಸುವ ಯೋಚನೆಯಿದೆ. ಟಿ.ವಿ.ಯಲ್ಲಿ ಹೆಸರು ಮಾಡಿದ ಗಾಯಕರನ್ನು ಕರೆಸಿದರೆ ಮಾತ್ರ ಟಿಕೆಟ್ ಖರ್ಚಾಗುತ್ತದೆ ಎಂದು ಕೆಲವು ಸದಸ್ಯರು ಹೇಳಿದರೆ, ಊರಿನವರೇ ಹಾಡಲಿ ಎಂದು ಉಳಿದವರು ಹೇಳುತ್ತಾರೆ. ತಮ್ಮ ಸಲಹೆ ಏನು?
(ಕಾರ್ಯದರ್ಶಿ, ಸಾಗರ ತಾಲ್ಲೂಕು)

ಉತ್ತರ: ಊರಿನವರೇ ಹಾಡಲಿ ಎನ್ನುವವರ ಕಡೆಗೆ ನನ್ನ ಮತ. ಇದನ್ನು ಊರಿನ ಅಭಿಮಾನದಿಂದ ಹೇಳುತ್ತಿಲ್ಲ, ಲೆಕ್ಕ ನೋಡಿಯೇ ಹೇಳುತ್ತಿದ್ದೇನೆ. ಹೆಸರಾಂತ ಗಾಯಕರೆಂದರೆ ಅವರ ಸಂಭಾವನೆಯ ಜೊತೆಗೆ ವಾದ್ಯವೃಂದ, ಪ್ರಯಾಣ, ವಸತಿ, ಅವರೇ ಸೂಚಿಸುವ ಧ್ವನಿವ್ಯವಸ್ಥೆ ಎಲ್ಲವೂ ಬರುತ್ತವೆ. ಈ ಖರ್ಚೆಲ್ಲ ಮೊದಲೇ ನಿಶ್ಚಿತವಾಗಿರುತ್ತದೆ, ವಸೂಲಿ ಮಾತ್ರ ಕೊನೆಯವರೆಗೂ ಅನಿಶ್ಚಿತ. ನಾನು ಸದಸ್ಯನಾಗಿದ್ದ ಸಂಘವೊಂದು ಹೀಗೆಯೇ ಹೊರಗಿನಿಂದ ಆರ್ಕೆಸ್ಟ್ರಾ ಕರೆಸಿತ್ತು. ಮೈದಾನ ತುಂಬಿತ್ತು, ಚಪ್ಪಾಳೆಗೂ ಬರವಿರಲಿಲ್ಲ. ಮರುದಿನ ಶಾಮಿಯಾನ, ಮೈಕ್ ಮತ್ತು ಲಾಡ್ಜಿನ ಬಿಲ್ಲುಗಳನ್ನು ತೀರಿಸಿದ ಮೇಲೆ ಉಳಿದ ಹಣದಲ್ಲಿ ತಬಲಾ ಜೋಡಿಯಲ್ಲಿ ಎಡಗೈಯಿಂದ ನುಡಿಸುವ ಡಗ್ಗಾಕ್ಕೆ ಹೊಸ ಚರ್ಮ ಹಾಕಿಸಲಷ್ಟೇ ಸಾಧ್ಯವಾಯಿತು. ತಬಲಾದ ಸರದಿ ಮುಂದಿನ ವರ್ಷಕ್ಕೆ ಹೋಯಿತು.

ಸಹಾಯಾರ್ಥ ಕಾರ್ಯಕ್ರಮದ ಟಿಕೆಟ್ ಮಾರಾಟವಾಗುವುದು ಕೌಂಟರಿನಲ್ಲಿ ಅಲ್ಲ, ಮನೆಯ ಜಗಲಿಯ ಮೇಲೆ. ಕರಾವಳಿಯಲ್ಲಿ ಶಾಲೆಯ ಕಟ್ಟಡಕ್ಕೋ ಸಂಘದ ನಿಧಿಗೋ ಸಹಾಯಾರ್ಥ ಯಕ್ಷಗಾನ ಆಡಿಸುವವರು ಇದನ್ನು ಚೆನ್ನಾಗಿ ಬಲ್ಲರು: ಆಟದ ರಾತ್ರಿ ಬರುವುದು ಚಿಲ್ಲರೆ, ನಿಜವಾದ ಹಣವೆಲ್ಲ ಅದಕ್ಕೂ ಮೊದಲೇ ಪರಿಚಯ ಮತ್ತು ದಾಕ್ಷಿಣ್ಯಗಳ ದಾರಿಯಲ್ಲಿ ಕೈಸೇರಿರುತ್ತದೆ. ನಿಮ್ಮಲ್ಲಿ ಕಲಿಯುವ ಮಗುವೊಂದು ವೇದಿಕೆ ಹತ್ತುತ್ತದೆಂದರೆ ಅಜ್ಜ, ಅಜ್ಜಿ, ಅತ್ತೆ, ಮಾವ ಎಲ್ಲರೂ ಬರುತ್ತಾರೆ, ಟಿಕೆಟ್ ಪಡೆದೇ ಬರುತ್ತಾರೆ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನಪಿಸಿಕೊಳ್ಳಿ. ಪಂಚಾಕ್ಷರಿ ಗವಾಯಿಗಳೂ ಅವರ ನಂತರ ಪುಟ್ಟರಾಜ ಗವಾಯಿಗಳೂ ಆಶ್ರಮದ ನಾಟ್ಯಸಂಘವನ್ನು ಊರೂರಿಗೆ ಕೊಂಡೊಯ್ದು, ಅದರಿಂದ ಬಂದ ಹಣದಲ್ಲಿ ಅಂಧ ಹಾಗೂ ಅನಾಥ ಮಕ್ಕಳ ಊಟ ಮತ್ತು ಸಂಗೀತಪಾಠವನ್ನು ನಡೆಸಿದರು.

ನಿಮ್ಮ ಸೀಮೆಯಲ್ಲಿ ಡೊಳ್ಳಿನ ತಂಡಗಳಿಗೆ ಕೊರತೆಯಿಲ್ಲ. ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲು ಬಾಗಿಲಲ್ಲಿ ಡೊಳ್ಳು ಬಾರಿಸಲಿ. ಆ ಸದ್ದು ಪೇಟೆಗೆ ಕೇಳಿಸಿದರೆ ಅದಕ್ಕಿಂತ ದೊಡ್ಡ ಕರಪತ್ರ ಬೇಕಿಲ್ಲ. ಅನಂತರ ಮಕ್ಕಳು, ಭಜನಾ ಮಂಡಳಿಯವರು, ತತ್ವಪದ ಹಾಡುವ ಹಿರಿಯರು ವೇದಿಕೆಗೆ ಬರಲಿ. ಹಾರ, ಶಾಲು, ಸ್ವಾಗತ ಭಾಷಣಗಳಿಗೆ ಕಾಲು ಗಂಟೆಗಿಂತ ಹೆಚ್ಚು ಕೊಡಬೇಡಿ, ಏಕೆಂದರೆ ಬಯಲಿನಲ್ಲಿ ರಾತ್ರಿ 10 ಗಂಟೆಗೆ ಧ್ವನಿವರ್ಧಕ ನಿಲ್ಲಿಸಬೇಕಾಗುತ್ತದೆ ಮತ್ತು ಆ ಧ್ವನಿವರ್ಧಕಕ್ಕೂ ಮೊದಲೇ ಲಿಖಿತ ಅನುಮತಿ ಬೇಕು. ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ, ಮಕ್ಕಳ ಪರೀಕ್ಷೆ ಇನ್ನೂ ಹತ್ತಿರ ಬಾರದ ದಿನಗಳನ್ನು ಆರಿಸಿಕೊಳ್ಳಿ. ಮೂರು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಆಸುಪಾಸು ಬೇಡ. ಮನೆಯಲ್ಲಿ ಮಾಡಿದ ಹಲಸಿನ ಹಪ್ಪಳ ಮತ್ತು ಅಪ್ಪೆಮಿಡಿ ಉಪ್ಪಿನಕಾಯಿಯ ಒಂದು ಮಳಿಗೆಯಿಟ್ಟರೆ ಅದರಿಂದಲೂ ಒಂದಿಷ್ಟು ಹಣ ಬರುತ್ತದೆ.

ಟಿಕೆಟ್ ಪುಸ್ತಕದ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಸಲ್ಲದು. ಪ್ರತಿ ಹಾಳೆಗೂ ಕ್ರಮಸಂಖ್ಯೆ ಮತ್ತು ಅರ್ಧಚೀಟಿ ಇರಲಿ, ಪುಸ್ತಕ ಒಯ್ದವರು ಸಹಿ ಮಾಡಲಿ, ಮಾರಾಟವಾಗದ ಟಿಕೆಟ್‌ಗಳು ಕಾರ್ಯಕ್ರಮಕ್ಕೆ ಒಂದು ವಾರ ಮೊದಲೇ ಹಿಂದಿರುಗಲಿ. ‘ಪುಸ್ತಕ ಎಲ್ಲೋ ಇಟ್ಟಿದ್ದೇನೆ, ಆಮೇಲೆ ಕೊಡುತ್ತೇನೆ’ ಎನ್ನುವ ಸದಸ್ಯರು ಎಲ್ಲ ಸಂಘಗಳಲ್ಲೂ ಇರುತ್ತಾರೆ.

ಪ್ರಶ್ನೆ: ಲಾಭಕ್ಕಾಗಿ ಅಲ್ಲದೆ ಸಂಗೀತಶಾಲೆಯ ನಿಧಿಗಾಗಿ ಭಾವಗೀತೆ ಹಾಡುವುದಕ್ಕೂ ಅನುಮತಿ ಬೇಕೇ?
(ಓದುಗರು, ಧಾರವಾಡ)

ಉತ್ತರ: ಟಿಕೆಟ್ ಇಟ್ಟರೆ ಬೇಕು. ಹವ್ಯಾಸಿ ಸಂಘವು ಹಣ ಪಡೆಯದೆ ಪ್ರೇಕ್ಷಕರ ಮುಂದೆ ಹಾಡಿದರೆ, ಇಲ್ಲವೇ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಹಾಡಿದರೆ, 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ವಿನಾಯಿತಿಯಿದೆ. ದೇವಸ್ಥಾನದ ಸೂರಿಗೆ ಸಿಗುವ ಈ ರಿಯಾಯಿತಿ ಸಂಗೀತಶಾಲೆಯ ಸೂರಿಗೆ ಸಿಗದಿರುವುದು ನನಗೂ ವಿಚಿತ್ರವಾಗಿಯೇ ಕಾಣುತ್ತದೆ. ಆದರೆ ಕಾನೂನು ಇರುವುದು ಹಾಗೆ.

ಕವಿ ತೀರಿಕೊಂಡ ವರ್ಷದ ಕೊನೆಯಿಂದ 60 ವರ್ಷಗಳವರೆಗೆ ಕವಿತೆಯ ಹಕ್ಕು ಉಳಿಯುತ್ತದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳಿಗೆ 2041ರ ಕೊನೆಯವರೆಗೂ, 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕವಿತೆಗಳಿಗೆ 2054ರ ಕೊನೆಯವರೆಗೂ ಹಕ್ಕಿದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಹಾಗೂ 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀಯವರ ಪದ್ಯಗಳನ್ನು ಯಾರು ಬೇಕಾದರೂ ಹಾಡಬಹುದು. ವಚನ, ದಾಸರ ಪದ, ಶಿಶುನಾಳ ಶರೀಫರ ತತ್ವಪದಗಳಿಗೂ ಇದೇ ಮಾತು. ಹಲವರು ಎಡವುವುದು ರಾಗಸಂಯೋಜನೆಯಲ್ಲಿ. ಅದಕ್ಕೆ ಬೇರೆಯೇ ಹಕ್ಕಿದೆ: ಶರೀಫರ ಪದ ಎಲ್ಲರ ಸ್ವತ್ತಾದರೂ, 2009ರಲ್ಲಿ ತೀರಿಕೊಂಡ ಸಿ. ಅಶ್ವತ್ಥ್ ಅದಕ್ಕೆ ಹಾಕಿದ ಧಾಟಿ ಹಾಗಲ್ಲ. ನಿಮ್ಮ ಗುರುಗಳೇ ಹೊಸ ಧಾಟಿ ಹಾಕಿಕೊಟ್ಟರೆ ಈ ತೊಡಕಿರುವುದಿಲ್ಲ, ಮಕ್ಕಳಿಗೆ ಹೊಸದೊಂದು ಹಾಡು ಕಲಿತಂತೆಯೂ ಆಗುತ್ತದೆ.

ಪ್ರಶ್ನೆ: ನಮ್ಮ ಟಿಕೆಟ್‌ಗೆ ಜಿಎಸ್‌ಟಿ ಬೀಳುತ್ತದೆಯೇ? ಹೆಚ್ಚು ಬೆಲೆಯ ಟಿಕೆಟ್ ಪಡೆದವರು ಆದಾಯ ತೆರಿಗೆಗೆಂದು ದೇಣಿಗೆ ರಸೀದಿ ಕೇಳುತ್ತಿದ್ದಾರೆ; ಕೊಡಬಹುದೇ?
(ಖಜಾಂಚಿ, ಉಡುಪಿ)

ಉತ್ತರ: ಸಂಗೀತ ಕಾರ್ಯಕ್ರಮದ ಪ್ರವೇಶ ಶುಲ್ಕ ಒಬ್ಬರಿಗೆ 500 ರೂಪಾಯಿಯನ್ನು ಮೀರದಿದ್ದರೆ ಜಿಎಸ್‌ಟಿ ವಿನಾಯಿತಿಯಿದೆ. ಟಿಕೆಟಿನ ಹಣಕ್ಕೆ ದೇಣಿಗೆ ರಸೀದಿ ಕೊಡಬೇಡಿ: ಮುಂದಿನ ಸಾಲಿನಲ್ಲಿ ಕುಳಿತು ಹಾಡು ಕೇಳಿದವರು ಕೊಟ್ಟದ್ದು ಬೆಲೆಯೇ ಹೊರತು ದಾನವಲ್ಲ. ದಾನ ಕೊಡಬಯಸುವವರಿಂದ ಅದನ್ನು ಬೇರೆಯಾಗಿ ಪಡೆದು ಬೇರೆ ರಸೀದಿ ಬರೆಯಿರಿ. ದಾನಕ್ಕೆ ಸಿಗುವ, ಜನ 80ಜಿ ಎಂದು ಕರೆಯುವ ಆದಾಯ ತೆರಿಗೆ ರಿಯಾಯಿತಿ ಅವರಿಗೆ ಸಿಗಬೇಕಾದರೆ ನಿಮ್ಮ ಸಂಘಕ್ಕೆ ಆ ನೋಂದಣಿ ಇರಲೇಬೇಕು. 2,000 ರೂಪಾಯಿ ಮೀರಿದ ದೇಣಿಗೆಯನ್ನು ನಗದಾಗಿ ಕೊಟ್ಟರೆ ಆ ರಿಯಾಯಿತಿ ದೊರೆಯದಾದ್ದರಿಂದ ಅಂಥ ಮೊತ್ತವನ್ನು ಚೆಕ್ಕಿನಲ್ಲೋ ಯುಪಿಐ ಮೂಲಕವೋ ಪಡೆಯಿರಿ.